ಮಂಗಳೂರು ಸಿಟಿ ಒಳಗೆ ಪಟಾಕಿ: ಯಾವುದಕ್ಕೆ ನಿಷೇಧ, ಯಾವುದಕ್ಕೆ ಇಲ್ಲ?

ಕೊಟ್ಟಾರದವ

ನಮಸ್ಕಾರ ಎಲ್ಲರಿಗೂ. ದೀಪಾವಳಿಗೆ ಇನ್ನೂ ದಿನ ಉಂಟು, ಆದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ಪಟಾಕಿ ಈಗಲೇ ಸಿಡಿಯಲು ಶುರುವಾಗಿದೆ. ಒಬ್ಬರು ಹೇಳ್ತಾರೆ ಸಿಟಿ ಒಳಗೆ ಪಟಾಕಿ ಪೂರ್ತಿ ಬ್ಯಾನ್ ಅಂತ, ಸಾಕ್ಷಿಗೆ ದೆಹಲಿಯ ಒಂದು ಸುದ್ದಿಯ ಫೋಟೊ ಹಾಕಿದ್ದಾರೆ. ಇನ್ನೊಬ್ಬರು ರಾತ್ರಿ 8ರಿಂದ 10 ಮಾತ್ರ ಅಂತಾರೆ. ಮೂರನೆಯವರು ಯಾವ ಬ್ಯಾನೂ ಇಲ್ಲ, ಯಾರೂ ಕೇಳುವವರಿಲ್ಲ, ಕಳೆದ ವರ್ಷ ಪಕ್ಕದ ಗಲ್ಲಿಯಲ್ಲಿ ರಾತ್ರಿ ಒಂದು ಗಂಟೆವರೆಗೆ ಹೊಡೆದಿಲ್ವಾ ಅಂತ ಕೇಳ್ತಾರೆ. ಅದೂ ಸುಳ್ಳಲ್ಲ.

ನನ್ನ ಕಷ್ಟ ಎಂತ ಅಂದರೆ, ಈ ಸಲ ಸೊಸೈಟಿ ಕಮಿಟಿಯಲ್ಲಿ ನನ್ನನ್ನು ಕೂರಿಸಿದ್ದಾರೆ. ಒಂದು ನೋಟಿಸು ಬರೆದು ಲಿಫ್ಟಿನ ಪಕ್ಕ ಅಂಟಿಸಬೇಕಂತೆ. ತಪ್ಪು ಬರೆದರೆ ಎರಡೂ ಕಡೆಯವರು ನನ್ನನ್ನೇ ಹಿಡಿದುಕೊಳ್ಳುವುದು.

ಕೇಳಬೇಕಾದ್ದು ಇಷ್ಟು. ನರಕ ಚತುರ್ದಶಿಯ ದಿನ ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ನಾಲ್ಕು ಪಟಾಕಿ ಹೊಡೆಯುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು, ಅದಕ್ಕೆ ಅವಕಾಶ ಉಂಟಾ? ಮಾಲೆ ಪಟಾಕಿ ನಿಷೇಧ ಅಂತ ಕೇಳಿದ್ದೇನೆ, ಮತ್ತೆ ಅಂಗಡಿಯಲ್ಲಿ ಯಾಕೆ ಸಿಗ್ತದೆ? ನಮ್ಮ ಕಾಂಪೌಂಡಿಗೆ ತಾಗಿಕೊಂಡೇ ಒಂದು ನರ್ಸಿಂಗ್ ಹೋಮ್ ಉಂಟು, ಅದರಿಂದ ಏನಾದರೂ ಬದಲಾಗ್ತದಾ? ಮತ್ತೆ ಟೆರೇಸಿನಲ್ಲಿ, ಪಾರ್ಕಿಂಗಿನಲ್ಲಿ ಪಟಾಕಿ ಬೇಡ ಅಂತ ಹೇಳುವ ಅಧಿಕಾರ ಕಮಿಟಿಗೆ ಇದೆಯಾ?

ಗೊತ್ತಿದ್ದವರು ಹೇಳಿ. "ಪರಿಸರ ಉಳಿಸಿ" ಭಾಷಣ ಬೇಡ, ಅದು ಗ್ರೂಪಿನಲ್ಲಿ ಸಾಕಷ್ಟು ಸಿಕ್ಕಿದೆ.

---

ಕರಂಗಲ್ಪಾಡಿ ಕರಿಕೋಟು

ಪೂರ್ತಿ ಬ್ಯಾನ್ ಇಲ್ಲ. ಪೂರ್ತಿ ಸ್ವಾತಂತ್ರ್ಯವೂ ಇಲ್ಲ. ನಿಮ್ಮ ಗ್ರೂಪಿನವರು ಎಲ್ಲರೂ ಅರ್ಧರ್ಧ ಸರಿ. ಗೊಂದಲ ಯಾಕೆ ಅಂದರೆ ಇದು ಒಂದೇ ಕಾನೂನಲ್ಲ. ಸಮಯಕ್ಕೆ ಒಂದು, ಶಬ್ದಕ್ಕೆ ಒಂದು, ಒಳಗಿನ ಮದ್ದಿಗೆ ಒಂದು, ಮಾರಾಟಕ್ಕೆ ಇನ್ನೊಂದು.

ಹಳೆಯದರಿಂದ ಬರ್ತೇನೆ. 1999ರ ಕೇಂದ್ರದ ಅಧಿಸೂಚನೆ ಪ್ರಕಾರ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ದಾಟುವ ಪಟಾಕಿಯನ್ನು ಮಾಡುವಂತೆಯೂ ಇಲ್ಲ, ಮಾರುವಂತೆಯೂ ಇಲ್ಲ, ಹೊಡೆಯುವಂತೆಯೂ ಇಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ ಮಾಡುವ ಪಟಾಕಿ ಬೇಡ ಅಂತ ಹೇಳಿತು. ಇದು ದೀಪಾವಳಿಗೆ ಮಾತ್ರ ಅಲ್ಲ, ವರ್ಷದ 365 ದಿನಕ್ಕೂ. ಇದನ್ನೇ ಜನ ಮರೆಯುವುದು.

ಆಮೇಲೆ 2018ರ ಅಕ್ಟೋಬರ್ 23ರ ಸುಪ್ರೀಂ ಕೋರ್ಟಿನ ಅರ್ಜುನ್ ಗೋಪಾಲ್ ತೀರ್ಪು. ತಮಾಷೆ ಅಂದರೆ, 2015ರಲ್ಲಿ ಆ ಕೇಸು ಹಾಕಿದ್ದು ದೆಹಲಿಯ ಮೂರು ಹಸುಗೂಸುಗಳ ಹೆಸರಿನಲ್ಲಿ, ಅವರ ಅಪ್ಪಂದಿರು. ಆ ತೀರ್ಪಿನಲ್ಲಿ ಬಂದದ್ದು: ಕಡಿಮೆ ಹೊಗೆಯ ಹಸಿರು ಪಟಾಕಿ ಮಾತ್ರ. ಮಾಲೆ ಪಟಾಕಿ ನಿಷೇಧ. ಬೇರಿಯಂ ಲವಣ ಹಾಕಿದ್ದು ನಿಷೇಧ. ಆನ್‌ಲೈನ್ ಮಾರಾಟ ನಿಷೇಧ. ದೀಪಾವಳಿಗೆ ರಾತ್ರಿ 8ರಿಂದ 10. ಕ್ರಿಸ್ಮಸ್ಸಿಗೆ, ಹೊಸ ವರ್ಷಕ್ಕೆ ರಾತ್ರಿ 11:55ರಿಂದ 12:30. ತಪ್ಪಿದರೆ ಆ ಸ್ಟೇಷನ್ನಿನ ಅಧಿಕಾರಿಯೇ ಜವಾಬ್ದಾರಿ ಅಂತಲೂ ಬರೆದರು. "ಅದು ದೆಹಲಿಗೆ ಮಾತ್ರ ಮಾರಾಯ್ರೆ" ಅನ್ನುವವರಿಗೆ 2023ರ ನವೆಂಬರಿನಲ್ಲಿ ಕೋರ್ಟೇ ಉತ್ತರ ಕೊಟ್ಟಿದೆ, ಬೇರಿಯಂ ಮತ್ತು ಮಾಲಿನ್ಯದ ನಿರ್ದೇಶನಗಳು ಎಲ್ಲ ರಾಜ್ಯಕ್ಕೂ ಅನ್ವಯ ಅಂತ.

ಆದರೆ ನಿಮ್ಮ ಗ್ರೂಪಿನಲ್ಲಿ ಬಂದ ದೆಹಲಿ ಫೋಟೊ ಬೇರೆ ಕತೆ. ಅಲ್ಲಿ ಗಾಳಿ ಹಾಳಾಗಿ ಪೂರ್ತಿ ನಿಷೇಧ ಇತ್ತು, 2025ರಲ್ಲಿ ಕೋರ್ಟು ಸ್ವಲ್ಪ ಸಡಿಲ ಮಾಡಿ ಹಸಿರು ಪಟಾಕಿಗೆ ಬೆಳಿಗ್ಗೆ 6ರಿಂದ 7, ರಾತ್ರಿ 8ರಿಂದ 10 ಅಂತ ಕೊಟ್ಟಿತು. ಅದನ್ನು ನಮ್ಮ ಕೊಟ್ಟಾರಕ್ಕೆ ತಂದು ಅಂಟಿಸಬೇಡಿ.

ಎಣ್ಣೆಸ್ನಾನದ ವಿಷಯ. ಇದೇ ಪ್ರಶ್ನೆಯನ್ನು 2018ರಲ್ಲಿ ತಮಿಳುನಾಡು ಸರಕಾರ ಸುಪ್ರೀಂ ಕೋರ್ಟಿನಲ್ಲಿ ಎತ್ತಿತ್ತು, ನಮ್ಮಲ್ಲಿ ಹಬ್ಬ ಬೆಳಗಿನ ಜಾವ ಅಂತ. ಕೋರ್ಟು ಒಪ್ಪಿತು. ದಕ್ಷಿಣದ ರಾಜ್ಯಗಳು ಸಮಯ ಬದಲಿಸಿಕೊಳ್ಳಬಹುದು, ಆದರೆ ದಿನಕ್ಕೆ ಒಟ್ಟು ಎರಡು ಗಂಟೆ ದಾಟಬಾರದು ಅಂತ. ಅಂದರೆ ಬದಲಿಸುವ ಅಧಿಕಾರ ಸರಕಾರದ್ದು, ಮನೆಯವರದ್ದಲ್ಲ. ಕರ್ನಾಟಕ ಸರಕಾರದ ಆದೇಶ ಸಾಮಾನ್ಯವಾಗಿ ರಾತ್ರಿ 8ರಿಂದ 10 ಅಂತಲೇ ಬರ್ತದೆ. ಹಾಗಾಗಿ ಬೆಳಿಗ್ಗೆ ಐದಕ್ಕೆ ಹೊಡೆದರೆ ಎರಡು ರೀತಿಯಲ್ಲಿ ತಪ್ಪು. ಪ್ರತಿ ವರ್ಷದ ಆದೇಶ ಹಬ್ಬದ ಮುಂಚೆ ಬರುತ್ತದೆ, ನೋಟಿಸಿನಲ್ಲಿ ಸಮಯ ಬರೆಯುವ ಮೊದಲು ಅದನ್ನು ನೋಡಿಕೊಳ್ಳಿ.

---

ಮೈದಾನದ ಅಂಗಡಿ

ಹಬ್ಬಕ್ಕೆ ಸ್ಟಾಲ್ ಹಾಕುವವನು ನಾನು. ವಕೀಲರು ಹೇಳಿದ್ದು ಪುಸ್ತಕದ ಮಾತು, ಸರಿಯೇ. ಅಂಗಡಿಯ ಈ ಕಡೆ ನಿಂತರೆ ಹೇಗೆ ಕಾಣ್ತದೆ ಅಂತ ಹೇಳ್ತೇನೆ.

ಲೈಸೆನ್ಸ್ ಮಂಗಳೂರು ಕಮಿಷನರೇಟ್ ಒಳಗೆ ಪೊಲೀಸ್ ಕಮಿಷನರ್ ಆಫೀಸಿನಿಂದ. ಉಡುಪಿ, ಪುತ್ತೂರು ಕಡೆಯಾದರೆ ಡಿಸಿ ಕಡೆಯಿಂದ. ಮೊದಲಿನ ಹಾಗೆ ಮಾರ್ಕೆಟಿನ ಗಲ್ಲಿಯಲ್ಲಿ, ದಿನಸಿ ಅಂಗಡಿಯ ಮುಂದೆ ಮೇಜು ಹಾಕಿ ಮಾರುವ ಕಾಲ ಹೋಯ್ತು. 2008ರ ಸ್ಫೋಟಕ ನಿಯಮದಲ್ಲಿ ಎಲ್ಲ ಉಂಟು. ಬೆಂಕಿ ಹಿಡಿಯದ ಶೀಟಿನ ಶೆಡ್ ಆಗಬೇಕು. ಒಂದು ಶೆಡ್ಡಿಗೂ ಇನ್ನೊಂದಕ್ಕೂ ಕನಿಷ್ಠ 3 ಮೀಟರ್ ಬೇಕು. ಎದುರುಬದುರು ಬಾಗಿಲು ಇಡುವಂತಿಲ್ಲ, ಒಂದು ಹತ್ತಿದರೆ ಎದುರಿನದ್ದಕ್ಕೆ ನೇರ ಹಾರಬಾರದು ಅಂತ. ಒಂದು ಕಡೆ 50 ಅಂಗಡಿಗಿಂತ ಜಾಸ್ತಿ ಇಲ್ಲ. ಶೆಡ್ಡಿನಿಂದ 50 ಮೀಟರ್ ಒಳಗೆ ಪಟಾಕಿ ಹೊಡೆದು ತೋರಿಸುವಂತಿಲ್ಲ. ಬಲ್ಬನ್ನು ವೈರಿನಲ್ಲಿ ನೇತು ಹಾಕುವಂತಿಲ್ಲ, ಗೋಡೆಗೋ ಮಾಡಿಗೋ ಗಟ್ಟಿಯಾಗಿ ಕೂರಿಸಬೇಕು, ಒಂದು ಸಾಲಿಗೆ ಒಂದು ಮೇನ್ ಸ್ವಿಚ್. ಈ ಬಲ್ಬಿನ ವಿಷಯ ಸಣ್ಣದು ಅಂತ ಕಾಣ್ತದೆ. ಗಾಳಿಗೆ ನೇತಾಡುವ ವೈರು ಉಜ್ಜಿ ಉಜ್ಜಿ ಸಿಪ್ಪೆ ಹೋಗಿ ಒಂದು ಕಿಡಿ ಬಿದ್ದರೆ ಕೆಳಗೆ ಎಂತ ಉಂಟು ಅಂತ ಯೋಚನೆ ಮಾಡಿ.

ಬೆಂಗಳೂರು ಹತ್ತಿರದ ಅತ್ತಿಬೆಲೆಯ ಪಟಾಕಿ ದುರಂತ ಆದ ಮೇಲೆ ಚೆಕಿಂಗ್ ನಿಜವಾಗಿ ಬಿಗಿ ಆಗಿದೆ. 2023ರ ಅಕ್ಟೋಬರ್ 7, ಲಾರಿಯಿಂದ ಮಾಲು ಇಳಿಸುವಾಗ ಬೆಂಕಿ ಹತ್ತಿದ್ದು, 14ಕ್ಕೂ ಹೆಚ್ಚು ಜನ ಹೋದರು. ಹೆಚ್ಚಿನವರು ಹಬ್ಬದ ಸೀಸನ್ ಕೆಲಸಕ್ಕೆ ಅಂತ ತಮಿಳುನಾಡಿನಿಂದ ಬಂದ ಹುಡುಗರು. ಆಮೇಲೆ ನಮ್ಮಲ್ಲೇ, 2024ರ ಜನವರಿಯಲ್ಲಿ, ಬೆಳ್ತಂಗಡಿ ತಾಲೂಕಿನ ಕುಕ್ಕೇಡಿಯಲ್ಲಿ ಪಟಾಕಿ ತಯಾರಿಸುವ ಜಾಗ ಸಿಡಿದು ಮೂವರು ತೀರಿಕೊಂಡರು. ಅದು ಆದ ಮೇಲೆ ನಮ್ಮ ಮನೆಯಲ್ಲೇ ಈ ಕೆಲಸ ಬಿಡು ಅಂತ ಹೇಳಿದ್ದಾರೆ.

ಈಗ ಮಾಲೆ ಯಾಕೆ ಸಿಗ್ತದೆ ಅಂತ ಕೇಳಿದಿರಿ. ಸಿಗ್ತದೆ ಯಾಕಂದರೆ ಕೇಳ್ತಾರೆ. ಮೇಜಿನ ಮೇಲೆ ಇರುವುದಿಲ್ಲ, ಒಳಗಿನಿಂದ ಬರ್ತದೆ. ನಾನು ಇಡುವುದಿಲ್ಲ, ಇಡುವವರು ಇದ್ದಾರೆ. ಗಿರಾಕಿ ಬಂದು ಹೂಕುಂಡ, ನೆಲಚಕ್ರ, ಸುರುಸುರುಕಡ್ಡಿ ಎಲ್ಲ ತೆಗೊಂಡು ಕೊನೆಗೆ ಸ್ವರ ತಗ್ಗಿಸಿ ಕೇಳುವುದು, "ದೊಡ್ಡದು ಎಂತ ಉಂಟು?" ಅಂತ. ಇಲ್ಲ ಅಂದರೆ ಮುಖ ಸಣ್ಣ ಮಾಡಿಕೊಂಡು ಪಕ್ಕದ ಶೆಡ್ಡಿಗೆ ಹೋಗ್ತಾರೆ. ಹಾಗೆ ಹೋಗುವವರಲ್ಲಿ ಮರುದಿನ ಫೇಸ್‌ಬುಕ್ಕಿನಲ್ಲಿ ಹೊಗೆಯ ಬಗ್ಗೆ ಬರೆಯುವವರೂ ಇದ್ದಾರೆ, ಹೆಸರು ಬೇಡ.

ಹಸಿರು ಪಟಾಕಿ ಗುರುತಿಸುವುದು ಹೇಗೆ ಅಂತ ಎಲ್ಲರೂ ಕೇಳ್ತಾರೆ. ಬಣ್ಣ ಹಸಿರಲ್ಲ, ಅದನ್ನು ಮೊದಲು ತಲೆಯಿಂದ ತೆಗೆಯಿರಿ. ಬಾಕ್ಸಿನ ಮೇಲೆ ಸಿಎಸ್‌ಐಆರ್-ನೀರಿ (ಸರಕಾರದ ಸಂಶೋಧನಾ ಸಂಸ್ಥೆ) ಅಂತ ಹಸಿರು ಲೋಗೊ ಇರ್ತದೆ, ಜೊತೆಗೆ ಕ್ಯೂಆರ್ ಕೋಡ್. ಲೋಗೊ ಯಾರು ಬೇಕಾದರೂ ಪ್ರಿಂಟ್ ಮಾಡಬಹುದು, ಹಾಗಾಗಿ ಕೋಡ್ ಸ್ಕ್ಯಾನ್ ಮಾಡಿ ಕಂಪನಿ ಹೆಸರು ತಾಳೆ ಆಗ್ತದಾ ನೋಡಿ. ಬಿಡಿ ಬಿಡಿಯಾಗಿ, ಬಾಕ್ಸ್ ಇಲ್ಲದೆ ತೂಗಿ ಕೊಡುವ ಮಾಲು ತೆಗೆದುಕೊಳ್ಳಬೇಡಿ. ಮತ್ತೆ ಹಸಿರು ಅಂದರೆ ಹೊಗೆ ಇಲ್ಲ ಅಂತ ಅಲ್ಲ. ಸುಮಾರು 30 ಪರ್ಸೆಂಟ್ ಕಡಿಮೆ, ಅಷ್ಟೇ. ಮುಚ್ಚಿದ ಪಾರ್ಕಿಂಗಿನಲ್ಲಿ ಹಚ್ಚಿದರೆ ಅದರಲ್ಲೂ ಕೆಮ್ಮು ಬರ್ತದೆ.

ಇನ್ನೊಂದು, ಶಿವಕಾಶಿಯಿಂದ ನೇರ ಮನೆಗೆ, ಅರ್ಧ ರೇಟು ಅಂತ ಇನ್‌ಸ್ಟಾದಲ್ಲಿ ಬರುವುದಕ್ಕೆ ದುಡ್ಡು ಹಾಕಬೇಡಿ. ಆನ್‌ಲೈನ್ ಮಾರಾಟವೇ ನಿಷೇಧ, ಮಾಲು ಬರದಿದ್ದರೆ ಯಾರ ಹತ್ತಿರ ಹೋಗಿ ಕೇಳ್ತೀರಿ?

---

ಬೋಳಾರದ ಬಾಬಣ್ಣ

ಎಲ್ಲ ಓದಿದೆ. ಒಂದು ಮಾತು ಕೇಳ್ತೇನೆ, ಸಿಟ್ಟಾಗಬೇಡಿ. ವರ್ಷಕ್ಕೆ ಎರಡು ಮೂರು ದಿನ ಮಕ್ಕಳು ಹೊಡೆಯುವ ಪಟಾಕಿಗೆ ಇಷ್ಟು ಕಾನೂನು, ಮತ್ತೆ ಮೆಹೆಂದಿ ರಾತ್ರಿ ಹನ್ನೊಂದೂವರೆಗೆ ಮದುಮಗ ಬರುವಾಗ ರಸ್ತೆ ಮಧ್ಯ ಇಟ್ಟು ಹೊಡೆಯುವ ಶಾಟ್ಸಿಗೆ ಎಂತ ಕಾನೂನು? ಎಲೆಕ್ಷನ್ ಗೆದ್ದಾಗ ಸರ್ಕಲಿನಲ್ಲಿ ಹಾಸುವ ಆ ಉದ್ದ ಮಾಲೆಗೆ? ಇಂಡಿಯಾ ಮ್ಯಾಚ್ ಗೆದ್ದ ರಾತ್ರಿ? ಅಲ್ಲಿ ಪೊಲೀಸರೇ ನಿಂತು ಟ್ರಾಫಿಕ್ ತಿರುಗಿಸ್ತಾರೆ. ಹಬ್ಬದ ದಿನ ಮನೆ ಅಂಗಳದಲ್ಲಿ ಬಲೀಂದ್ರ ಕರೆದು ಎರಡು ಪಟಾಕಿ ಹೊಡೆದವನಿಗೆ ಮಾತ್ರ ಡೆಸಿಬಲ್ ಲೆಕ್ಕ. ಇದು ಸರಿ ಅಂತ ನನಗೆ ಅನ್ನಿಸುವುದಿಲ್ಲ.

---

ಕರಂಗಲ್ಪಾಡಿ ಕರಿಕೋಟು

ಬಾಬಣ್ಣ, ನಿಮ್ಮ ಸಿಟ್ಟು ನ್ಯಾಯದ್ದೇ. ಆದರೆ ಕಾನೂನಿನಲ್ಲಿ ಆ ಭೇದ ಇಲ್ಲ, ಭೇದ ಇರುವುದು ಹಿಡಿಯುವುದರಲ್ಲಿ. ರಾತ್ರಿ 10ರ ನಿಯಮ ಮೆಹೆಂದಿಗೂ ಉಂಟು, ಮ್ಯಾಚಿಗೂ ಉಂಟು. ಅತ್ತಿಬೆಲೆ ಆದ ಮೇಲೆ 2023ರ ಅಕ್ಟೋಬರಿನಲ್ಲಿ ಮುಖ್ಯಮಂತ್ರಿಗಳು ಮದುವೆ, ರಾಜಕೀಯ ಕಾರ್ಯಕ್ರಮ, ಮೆರವಣಿಗೆಗಳಲ್ಲಿ ಪಟಾಕಿಯೇ ಬೇಡ ಅಂತ ಹೇಳಿದ್ದರು. ಅಂದರೆ ಕಾಗದದ ಮೇಲೆ ಮನೆ ಅಂಗಳದ ಹಬ್ಬದ ಪಟಾಕಿಗಿಂತ ಮೆರವಣಿಗೆಯ ಪಟಾಕಿಗೇ ಜಾಸ್ತಿ ಅಡ್ಡಿ. ರಸ್ತೆಯಲ್ಲಿ ನಡೆಯುವುದು ಉಲ್ಟಾ, ಒಪ್ತೇನೆ.

---

ಕಡಿಯಾಳಿ ಕಡೆಯವಳು

ಉಡುಪಿಯಿಂದ ಬರೆಯುತ್ತಿದ್ದೇನೆ. ಮನೆ ಪಟಾಕಿ ಮತ್ತು ದೇವಸ್ಥಾನದ ಬೆಡಿ (ಜಾತ್ರೆಯ ಸುಡುಮದ್ದು) ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಮಾತಾಡಿದರೆ ಯಾವಾಗಲೂ ಜಗಳ ಆಗ್ತದೆ, ಅದಕ್ಕೆ ಹೇಳ್ತಿದ್ದೇನೆ.

ನಮ್ಮ ಊರಿನಲ್ಲಿ ಸುಡುಮದ್ದು ಅಂದರೆ ದೀಪಾವಳಿ ಆಮೇಲೆ, ಮೊದಲು ನೆನಪಾಗುವುದು ಜಾತ್ರೆ. ಪುತ್ತೂರು ಜಾತ್ರೆಯ ಬೆಡಿ ನೋಡಲು ಎಲ್ಲೆಲ್ಲಿಂದ ಜನ ಬರ್ತಾರೆ ಅಂತ ನಿಮಗೆಲ್ಲ ಗೊತ್ತು. ದೈವದ ಕೋಲ, ನೇಮ ಇದ್ದರೆ ದೈವದ ಭಂಡಾರ ಹೊರಟದ್ದು ಗೊತ್ತಾಗುವುದೇ ದೊಡ್ಡ ಶಬ್ದದ ಗರ್ನಾಲಿನಿಂದ. ನಮ್ಮ ಅಜ್ಜಿ ಗರ್ನಾಲ್ ಕೇಳಿಯೇ ಕೈಕಾಲು ತೊಳೆದು ಹೊರಡುತ್ತಿದ್ದರು. ಇಂಥ ದೊಡ್ಡ ಪ್ರದರ್ಶನಕ್ಕೆ ಕಾನೂನಿನಲ್ಲಿ ಬೇರೆಯೇ ಪರವಾನಗಿ ಉಂಟು. ಯಾರು ಹಚ್ಚುವವರು, ಮದ್ದು ಎಲ್ಲಿ ಇಡ್ತಾರೆ, ಜನ ಎಷ್ಟು ದೂರ, ಎಲ್ಲ ತೋರಿಸಬೇಕು. ಅಂಗಡಿಯಿಂದ ಬಾಕ್ಸ್ ತಂದು ಹೊಡೆಯುವವರ ನಿಯಮ ಅಲ್ಲ ಅದು.

ಆದರೆ ದೇವರ ಕೆಲಸ ಅಂತ ಕಣ್ಣು ಮುಚ್ಚಿದರೆ ಎಂತ ಆಗ್ತದೆ ಅಂತ 2024ರಲ್ಲಿ ನೋಡಿದ್ದೇವೆ. ಅಕ್ಟೋಬರ್ ಕೊನೆಯಲ್ಲಿ, ಕಾಸರಗೋಡಿನ ನೀಲೇಶ್ವರದಲ್ಲಿ, ತೆಯ್ಯಂ ನಡೆಯುವಾಗ. ಸಿಡಿಸುವ ಜಾಗದ ಹತ್ತಿರದಲ್ಲೇ ಶೆಡ್ಡಿನಲ್ಲಿ ಪಟಾಕಿ ರಾಶಿ, ಅದರ ಪಕ್ಕ ಜನ. ಒಂದು ಕಿಡಿ ಸಾಕಾಯ್ತು. 150ಕ್ಕೂ ಹೆಚ್ಚು ಜನರಿಗೆ ಗಾಯ, ಆಮೇಲೆ ಆಸ್ಪತ್ರೆಗಳಲ್ಲಿ ಕೆಲವರು ತೀರಿಕೊಂಡರು. ಸುಟ್ಟವರಲ್ಲಿ ಕೆಲವರನ್ನು ಮಂಗಳೂರಿಗೇ ತಂದಿದ್ದರು. ಅದಕ್ಕೂ ಮೊದಲು 2016ರಲ್ಲಿ ಕೊಲ್ಲಂ ಹತ್ತಿರ ಪುಟ್ಟಿಂಗಲ್ ದೇವಸ್ಥಾನದಲ್ಲಿ ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಎರಡರಲ್ಲೂ ತೊಂದರೆ ಆಕಾಶದಲ್ಲಿ ಸಿಡಿದದ್ದರಿಂದ ಅಲ್ಲ, ಕೆಳಗೆ ದಾಸ್ತಾನು ಇಟ್ಟ ರೀತಿಯಿಂದ. 2024ರಲ್ಲೇ ಕೇಂದ್ರ ಸರಕಾರ ದಾಸ್ತಾನು ಕಟ್ಟಡಕ್ಕೂ ಸಿಡಿಸುವ ಜಾಗಕ್ಕೂ 200 ಮೀಟರ್ ಅಂತರ ಬೇಕು ಅಂದಾಗ ಕೇರಳದಲ್ಲಿ ತೃಶೂರ್ ಪೂರಂ ನಿಂತು ಹೋಗ್ತದೆ ಅಂತ ದೊಡ್ಡ ಗಲಾಟೆ ಆಯ್ತು. ನನಗೆ ಆ ಅಂತರ ಜಾಸ್ತಿ ಅಂತ ಅನ್ನಿಸಿಲ್ಲ. ನಮ್ಮ ಜಾತ್ರೆಗಳಲ್ಲಿ ಗದ್ದೆ ಉಂಟು, ದೂರಕ್ಕೆ ಹೋಗಬಹುದು. ಸಿಟಿ ನಡುವಿನ ದೇವಸ್ಥಾನಕ್ಕೆ ಗದ್ದೆ ಎಲ್ಲಿ? ನಾಲ್ಕೂ ಕಡೆ ಕಟ್ಟಡ. ಅಲ್ಲಿ ಬೆಡಿ ಕಡಿಮೆ ಆದರೆ ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಬಾಬಣ್ಣನಿಗೆ: ನಾನೂ ಪಟಾಕಿ ಹೊಡೆಯುವವಳೇ. ನಮ್ಮ ಮನೆಯಲ್ಲಿ ದುರ್ಸು (ರಾಕೆಟ್) ಬಿಡುವುದು ಮಾತ್ರ ಬಿಟ್ಟೆವು, ಪಕ್ಕದ ಮನೆಯವರು ಹಂಚಿನ ಮಾಡಿನ ಮೇಲೆ ಮಡಲು ಹಾಸಿದ್ದಾರೆ, ಅದು ಎಲ್ಲಿ ಹೋಗಿ ಬೀಳ್ತದೆ ಅಂತ ದುರ್ಸಿಗೇ ಗೊತ್ತಿಲ್ಲ.

---

ಕಂಕನಾಡಿ ನೈಟ್ ಡ್ಯೂಟಿ

ನರ್ಸಿಂಗ್ ಹೋಮ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ನಾನು ಹೇಳ್ತೇನೆ, ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು.

2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಅಲ್ಲಿ ಶಬ್ದದ ಪಟಾಕಿ ಹಗಲಲ್ಲೂ ಇಲ್ಲ, ರಾತ್ರಿಯೂ ಇಲ್ಲ, 8ರಿಂದ 10ರ ಮಧ್ಯವೂ ಇಲ್ಲ. ಈಗ ಮಂಗಳೂರಿನ ಮ್ಯಾಪ್ ನೋಡಿ. ಹಂಪನಕಟ್ಟೆಯಲ್ಲಿ ವೆನ್ಲಾಕ್, ಲೇಡಿಗೋಶನ್, ಅಲ್ಲಿಂದ ಫಳ್ನೀರ್, ಅತ್ತಾವರ, ಕಂಕನಾಡಿ ಅಂತ ಬರ್ತಾ ಹೋದರೆ ಒಂದು ಆಸ್ಪತ್ರೆ ಕಾಂಪೌಂಡು ಮುಗಿಯುವಲ್ಲಿ ಇನ್ನೊಂದರ ಬೋರ್ಡು. ಮಧ್ಯದಲ್ಲಿ ಶಾಲೆ ಕಾಲೇಜು. 100 ಮೀಟರಿನ ವೃತ್ತ ಎಳೆದರೆ ಪಟಾಕಿ ಹೊಡೆಯಲು ಉಳಿಯುವುದು ನಾಲ್ಕು ಮೂಲೆ.

ಆದರೆ ಇಲ್ಲೊಂದು ಗಂಟು ಉಂಟು. 2017ರ ತಿದ್ದುಪಡಿ ಆದ ಮೇಲೆ, ಸರಕಾರ ಇಂಥ ಜಾಗ ನಿಶ್ಶಬ್ದ ವಲಯ ಅಂತ ಅಧಿಸೂಚನೆ ಮಾಡಿದ್ದರೆ ಮಾತ್ರ ಅದು ನಿಶ್ಶಬ್ದ ವಲಯ. ಸುಮ್ನೆ ಆಸ್ಪತ್ರೆ ಇದ್ದ ಮಾತ್ರಕ್ಕೆ ಆಗುವುದಿಲ್ಲ. ಹಾಗಾಗಿ ನಿಮ್ಮ ನರ್ಸಿಂಗ್ ಹೋಮಿನ ಸುತ್ತ ಆಗಿದೆಯಾ ಅಂತ ಕೇಳಿ ನೋಡಬೇಕು. ಆಗಿದ್ದರೂ ಆಗದಿದ್ದರೂ, ಗೋಡೆಯ ಆಚೆ ಆಪರೇಷನ್ ಆಗಿ ಮಲಗಿದವರು ಇದ್ದಾರೆ ಅನ್ನುವುದಕ್ಕೆ ಅಧಿಸೂಚನೆ ಬೇಕಾ? ಅಷ್ಟು ದೊಡ್ಡ ಶಬ್ದ ಬೇಕೇ ಬೇಕು ಅಂದವರು ಮಕ್ಕಳನ್ನು ಕರೆದುಕೊಂಡು ಮೈದಾನಕ್ಕೆ ಹೋಗಲಿ. ಹೂಕುಂಡ, ನೆಲಚಕ್ರ ಕಾಂಪೌಂಡಿನ ಇನ್ನೊಂದು ಬದಿಯಲ್ಲಿ ಹಚ್ಚಲಿ.

ಹಬ್ಬದ ರಾತ್ರಿ ನಮ್ಮಲ್ಲಿ ಬರುವುದು ಹೆಚ್ಚಾಗಿ ಕೈ ಮತ್ತು ಕಣ್ಣು. ಹತ್ತದ ಪಟಾಕಿಯನ್ನು ಬಗ್ಗಿ ಊದುವವರು, ಕೈಯಲ್ಲಿ ಹಿಡಿದು ಎಸೆಯುವವರು. ಪಕ್ಕದಲ್ಲಿ ಸುಮ್ನೆ ನಿಂತು ನೋಡುತ್ತಿದ್ದವರೂ ಇರ್ತಾರೆ. ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಶಾಯಿ, ಅರಿಶಿನ ಹಚ್ಚಿಕೊಂಡು ಬರಬೇಡಿ, ಅದನ್ನು ಉಜ್ಜಿ ತೆಗೆಯುವಾಗ ನೋವು ಇಮ್ಮಡಿ. ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಒತ್ತಿ ಕಟ್ಟಬೇಡಿ, ಹಾಗೇ ಬನ್ನಿ. ನೋಟಿಸಿನಲ್ಲಿ ಇದನ್ನೂ ಎರಡು ಸಾಲು ಹಾಕಿ. ಹಬ್ಬದ ಶುಭಾಶಯದ ಚಿತ್ರ ಸ್ವಲ್ಪ ಸಣ್ಣ ಆದರೂ ಅಡ್ಡಿ ಇಲ್ಲ.

---

ಕೊಟ್ಟಾರದವ

ಇಷ್ಟು ಸಿಗ್ತದೆ ಅಂತ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಕಮಿಟಿಯ ಅಧಿಕಾರದ ಬಗ್ಗೆ ಯಾರಾದರೂ ಹೇಳ್ತೀರಾ? ಮೂರನೇ ಮಾಳಿಗೆಯವರು "ನನ್ನ ಬಾಲ್ಕನಿ, ನನ್ನ ಪಟಾಕಿ" ಅಂತ ಬರೆದು ಕೆಳಗೆ ನಗುವ ಎಮೋಜಿ ಹಾಕಿದ್ದಾರೆ. ಮತ್ತೆ ದೂರು ಕೊಟ್ಟರೆ ನಿಜವಾಗಿ ಕೇಸ್ ಆಗ್ತದಾ, ಅಥವಾ ಬೈದು ಬಿಡ್ತಾರಾ?

---

ಕರಂಗಲ್ಪಾಡಿ ಕರಿಕೋಟು

ಟೆರೇಸ್, ಪಾರ್ಕಿಂಗ್, ಮೆಟ್ಟಿಲು, ಕಾಂಪೌಂಡು ಎಲ್ಲರ ಜಾಗ. ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಅಂತ ಸಭೆಯಲ್ಲಿ ಇಟ್ಟು, ನಿರ್ಣಯ ಮಾಡಿ, ಪುಸ್ತಕದಲ್ಲಿ ಬರೆದುಕೊಳ್ಳಿ. ಸುಮ್ನೆ ಕಮಿಟಿಯ ನಾಲ್ಕು ಜನ ಸಹಿ ಹಾಕಿ ಅಂಟಿಸಿದರೆ ಯಾರೂ ಕೇಳುವುದಿಲ್ಲ. ಪಾರ್ಕಿಂಗಿನಲ್ಲಂತೂ ಬೇಡವೇ ಬೇಡ. ಪೆಟ್ರೋಲ್ ಟ್ಯಾಂಕ್, ಚಾರ್ಜಿಗೆ ಇಟ್ಟ ಸ್ಕೂಟರ್, ಮೇಲೆ ಪೂರ್ತಿ ಮನೆಗಳು. ಬಾಲ್ಕನಿ ಅವರದ್ದೇ ಇರಬಹುದು, ಕಿಡಿ ಬೀಳುವುದು ಕೆಳಗಿನವರ ಬಟ್ಟೆಯ ಮೇಲೆ. ಅಜಾಗರೂಕತೆಯಿಂದ ಸ್ಫೋಟಕ ಬಳಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 288ನೇ ಸೆಕ್ಷನ್, ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಯಾರಿಗೂ ಏನೂ ಆಗಬೇಕು ಅಂತ ಇಲ್ಲ, ಆಗುವ ಹಾಗೆ ನಡೆದುಕೊಂಡರೆ ಸಾಕು. ಆದೇಶ ಮೀರಿದ್ದಕ್ಕೆ 223 ಬೇರೆ. ಆ ನಗುವ ಎಮೋಜಿಯ ಕೆಳಗೆ ಈ ಎರಡು ನಂಬರ್ ಹಾಕಿ.

ಇನ್ನು ಪರಿಸರ ಸಂರಕ್ಷಣಾ ಕಾಯ್ದೆ. ಅದರಲ್ಲಿ ಈಗ ಜೈಲು ತೆಗೆದು ಹಣದ ದಂಡ ಮಾಡಿದ್ದಾರೆ, 10,000ದಿಂದ 15 ಲಕ್ಷದವರೆಗೆ. ಇದು ಮನೆಯವರಿಗಿಂತ ಮಾಡುವವರಿಗೆ, ಮಾರುವವರಿಗೆ ತಟ್ಟುವಂಥದ್ದು.

ನಿಜವಾಗಿ ಕೇಸ್ ಆಗ್ತದಾ? 112ಕ್ಕೆ ಫೋನ್ ಮಾಡಿದರೆ ಗಾಡಿ ಬರ್ತದೆ, ಹೆಚ್ಚಾಗಿ ಬೈದು ಬಿಡ್ತಾರೆ. ಅವರು ಬರುವಷ್ಟರಲ್ಲಿ ಪಟಾಕಿ ಮುಗಿದಿರ್ತದೆ, ಕಾಗದದ ಚೂರು ಮಾತ್ರ ಉಳಿದಿರ್ತದೆ, ಯಾರು ಹೊಡೆದದ್ದು ಅಂತ ಯಾರೂ ಬಾಯಿ ಬಿಡುವುದಿಲ್ಲ. ಡೆಸಿಬಲ್ ಅಳೆಯುವ ಮೀಟರ್ ಬೀಟ್ ಪೊಲೀಸರ ಜೇಬಿನಲ್ಲಿ ಇರುವುದಿಲ್ಲ. ಅದಕ್ಕೇ ನನಗೆ ಅನ್ನಿಸುವುದು, ಈ ಕಾನೂನನ್ನು ಹಿಡಿಯಬೇಕಾದ ಜಾಗ ಮನೆ ಅಂಗಳ ಅಲ್ಲ, ಅಂಗಡಿಯ ಮೇಜು. ಮೈದಾನದ ಅಂಗಡಿಯವರು ಹೇಳಿದರಲ್ಲ, ಒಳಗಿನಿಂದ ಬರ್ತದೆ ಅಂತ. ಆ ಒಳಗೆ ಒಂದು ಸಲ ಸರಿಯಾಗಿ ನೋಡಿದರೆ ಒಂದು ವಾರ್ಡಿನ ಹತ್ತು ಜಗಳ ಉಳಿಯುತ್ತದೆ. ರಾತ್ರಿ ಹತ್ತರ ನಂತರದ್ದು ಮಾತ್ರ ಬೀದಿಯಲ್ಲೇ ಹಿಡಿಯಬೇಕು, ಅದಕ್ಕೆ ಮೀಟರ್ ಬೇಡ, ಗಡಿಯಾರ ಸಾಕು. ದೂರು ಕೊಡುವಾಗ ಸಮಯ ಕಾಣುವ ಹಾಗೆ ವಿಡಿಯೊ ತೆಗೆದಿಡಿ.

---

ಬೋಳಾರದ ಬಾಬಣ್ಣ

ಗಡಿಯಾರದ ಮಾತು ಒಪ್ಪಿದೆ. ಮೆಹೆಂದಿಯವರಿಗೂ ಅದೇ ಗಡಿಯಾರ ತೋರಿಸಿ, ಅಷ್ಟೇ ನನ್ನ ಬೇಡಿಕೆ.

ಬೆಂಗಳೂರಿನಿಂದ ರೈಲಿನಲ್ಲಿ ಬರುವ ಮಕ್ಕಳಿಗೂ ಹೇಳಿ ಬಿಡಿ, ಅಲ್ಲಿ ಕಡಿಮೆ ರೇಟು ಅಂತ ಬ್ಯಾಗಿನಲ್ಲಿ ಪಟಾಕಿ ತುಂಬಿಸಿಕೊಂಡು ಬರಬೇಡಿ ಅಂತ. ರೈಲ್ವೆ ಕಾಯ್ದೆಯಲ್ಲಿ ಮೂರು ವರ್ಷದವರೆಗೆ ಜೈಲು ಉಂಟು. ನಮ್ಮ ತಂಗಿಯ ಮಗನಿಗೆ ಹೇಳಿ ಹೇಳಿ ಸಾಕಾಗಿದೆ.

---

ಕೊಟ್ಟಾರದವ

ನೋಟಿಸಿನ ಕರಡು ಮಾಡಿದೆ. ರಾತ್ರಿ 8ರಿಂದ 10, ಈ ವರ್ಷದ ಆದೇಶ ಬಂದ ಮೇಲೆ ಖಚಿತ ಮಾಡುವುದು. ಲೋಗೊ ಮತ್ತು ಕೋಡ್ ಇರುವ ಬಾಕ್ಸ್ ಮಾತ್ರ. ಮಾಲೆ ಇಲ್ಲ, ರಾಕೆಟ್ ಇಲ್ಲ. ಪಾರ್ಕಿಂಗ್, ಟೆರೇಸ್, ಬಾಲ್ಕನಿ ಇಲ್ಲ, ಗೇಟಿನ ಹತ್ತಿರದ ಸಿಮೆಂಟ್ ಜಾಗ ಮಾತ್ರ, ನರ್ಸಿಂಗ್ ಹೋಮಿನ ಬದಿ ಬಿಟ್ಟು. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ವಾಚ್‌ಮನ್ ಹತ್ತಿರ. ಆದಿತ್ಯವಾರ ಸಭೆಯಲ್ಲಿ ಇಡ್ತೇನೆ.

ಒಂದು ಕೊನೆಯ ಪ್ರಶ್ನೆ. ಅಟ್ಟದಲ್ಲಿ ಹಳೆಯ ಪಟಾಕಿ ಒಂದು ಡಬ್ಬ ಸಿಕ್ಕಿದೆ, ಮಳೆಗಾಲ ಕಳೆದು ಪೂರಾ ತಂಪು ಹಿಡಿದಿದೆ. ಏನು ಮಾಡುವುದು?

---

ಮೈದಾನದ ಅಂಗಡಿ

ಹೊಡೆಯಬೇಡಿ. ತಂಪು ಹಿಡಿದ ಬತ್ತಿ ಯಾವಾಗ ಹತ್ತುತ್ತದೆ, ಯಾವಾಗ ಹತ್ತುವುದಿಲ್ಲ ಅಂತ ಹೇಳಲಿಕ್ಕೆ ಆಗುವುದಿಲ್ಲ. ಆರಿತು ಅಂತ ಹತ್ತಿರ ಹೋದಾಗಲೇ ಸಿಡಿಯುವುದು. ಬಕೆಟ್ ನೀರಿನಲ್ಲಿ ಒಂದು ದಿನ ಪೂರ್ತಿ ಮುಳುಗಿಸಿಡಿ, ಮದ್ದೆಲ್ಲ ನೆನೆದು ಕಾಗದ ಬಿಟ್ಟುಕೊಳ್ಳಬೇಕು. ಆಮೇಲೆ ಬೇರೆ ಚೀಲದಲ್ಲಿ ಹಾಕಿ ಕಸದ ಗಾಡಿಯವರಿಗೆ ಇದು ಪಟಾಕಿ ಅಂತ ಹೇಳಿಯೇ ಕೊಡಿ. ಒಣ ಕಸದ ಜೊತೆ ಸೇರಿಸಬೇಡಿ, ಬೆಂಕಿಗಂತೂ ಹಾಕಲೇಬೇಡಿ. ಮತ್ತೆ ಬಿಸಿಲಿಗೆ ಇಟ್ಟು ಒಣಗಿಸುವ ಅಭ್ಯಾಸ ನಮ್ಮ ಕಡೆ ತುಂಬಾ ಉಂಟು, ಅದೂ ಬೇಡ.

---

ಕೊಟ್ಟಾರದವ

ಅಮ್ಮ ಈಗಷ್ಟೇ ಅದನ್ನು ಟೆರೇಸಿನಲ್ಲಿ ಕೊಬ್ಬರಿಯ ಪಕ್ಕ ಹರಡಿ ಬಂದಿದ್ದಾರೆ. ಓಡ್ತೇನೆ.